ಸ್ಪ್ರಾಕೆಟ್ಟಿನೊಳಗಿನ ಹಳದಿ ಅರಗು

ಮಹಾರಾಜರ ಕಾಲದಲ್ಲಿ ನಾನು ರೇಷ್ಮೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದೆ. ವಾಸ ಚನ್ನಪಟ್ಟಣದಲ್ಲಿ. ಸೋಮವಾರ ಕ್ಲೋಸ್‌ಪೇಟೆ, ಬುಧವಾರ ಮಾಗಡಿ, ಶುಕ್ರವಾರ ಕನಕಪುರದ ಕಡೆಯ ಹಳ್ಳಿಗಳು. ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದ ಊರೇ ಈಗಿನ ರಾಮನಗರ. ಉಳಿದ ಮೂರು ದಿನ ಕಚೇರಿಯ ಕೆಲಸ. ಭಾನುವಾರ ಬಟ್ಟೆ ಒಗೆಯುವುದು, ಮೋಟಾರ್ ಸೈಕಲ್ ಒರೆಸಿ ಎಣ್ಣೆ ಬಿಡುವುದು. ಈ ಕ್ರಮವನ್ನು ಒಂಬತ್ತು ವರ್ಷ ತಪ್ಪಿಸಲಿಲ್ಲ. ನಾನು ಬೆಳೆದದ್ದು ಉಚಿತ ವಿದ್ಯಾರ್ಥಿನಿಲಯದಲ್ಲಿ. ನಾಲ್ಕೂವರೆಗೆ ಗಂಟೆ, ಐದಕ್ಕೆ ಬಾವಿಕಟ್ಟೆ, ಐದೂಮುಕ್ಕಾಲಿಗೆ ಪಾಠ. ಗಂಟೆ ಹೊಡೆದ ಮೇಲೂ ಚಾಪೆಯ ಮೇಲಿದ್ದವನಿಗೆ ಬೆಳಗಿನ ಗಂಜಿ ಇಲ್ಲ. ಹನ್ನೊಂದು ವರ್ಷ ಹಾಗೆ ಎದ್ದವನಿಗೆ ಮುಂದೆ ಯಾರೂ ಎಬ್ಬಿಸುವ ಅಗತ್ಯ ಬೀಳಲಿಲ್ಲ.

ಮೋಟಾರ್ ಸೈಕಲ್, ದೊಡ್ಡ ಯುದ್ಧ ಮುಗಿದ ಮೇಲೆ ಬೆಂಗಳೂರಿನ ದಂಡಿನಿಂದ ಇಲಾಖೆಗೆ ಬಂದ ಹಳೆಯ ಯಂತ್ರ. ಹಳ್ಳಿಗಳಲ್ಲಿ ಅದಕ್ಕೆ ಪಟಪಟಿ ಎಂದು ಹೆಸರು, ನನಗೆ ಹುಳದ ಸಾಹೇಬ ಎಂದು. ಯಂತ್ರಕ್ಕಾಗಿ ಒಂದು ಪುಸ್ತಕ ಇಟ್ಟಿದ್ದೆ. ಯಾವ ಭಾಗಕ್ಕೆ ಯಾವತ್ತು ಎಣ್ಣೆ ಬಿಟ್ಟದ್ದು, ಯಾವ ನಟ್ಟು ಯಾವತ್ತು ಬಿಗಿದದ್ದು, ಎಲ್ಲವೂ ಅದರಲ್ಲಿರುತ್ತಿತ್ತು. ನಾನು ಮಾಡಿದ ಒಂದೇ ಒಂದು ಕೆಲಸವನ್ನು ಅದರಲ್ಲಿ ಬರೆದಿರಲಿಲ್ಲ.

ಗೇರ್ ಪೆಟ್ಟಿಗೆಯಿಂದ ಗೇಣಿಗಿಂತ ಚಿಕ್ಕದಾದ ಒಂದು ಉಕ್ಕಿನ ದಂಡ ಹೊರಗೆ ಚಾಚಿರುತ್ತದೆ. ಅದರ ತುದಿಯಲ್ಲಿ ಹಲ್ಲಿನ ಚಕ್ರವೊಂದು ಕೂತಿರುತ್ತದೆ. ಅದೇ ಮುಂದಿನ ಸ್ಪ್ರಾಕೆಟ್. ಅದರ ಹಲ್ಲುಗಳು ಚೈನನ್ನು ಎಳೆದು ಹಿಂದಿನ ಗಾಲಿಯನ್ನು ತಿರುಗಿಸುತ್ತವೆ. ಈ ಸಂಗತಿ ನಡೆಯುವುದಕ್ಕೆ ಎರಡು ವರ್ಷ ಹಿಂದಿನ ಮಳೆಗಾಲದಲ್ಲಿ, ಮಾಗಡಿ ರಸ್ತೆಯಲ್ಲಿ, ಆ ಸ್ಪ್ರಾಕೆಟ್ ದಂಡದ ಮೇಲೆ ಅಲ್ಲಾಡತೊಡಗಿತು. ನಟ್ಟು ಬಿಗಿದರೂ ನಿಲ್ಲಲಿಲ್ಲ. ಒಳಗಿನ ತೂತು ಸವೆದು ಕೂದಲೆಳೆಯಷ್ಟು ಸಡಿಲವಾಗಿತ್ತು. ಬಿತ್ತನೆಯ, ಎಂದರೆ ರೇಷ್ಮೆ ಮೊಟ್ಟೆಯ, ಬುಟ್ಟಿಗಳಿಗೆ ಮುದ್ರೆ ಒತ್ತಲು ನನ್ನ ಚೀಲದಲ್ಲಿ ಒಂದು ಅರಗಿನ ಕಡ್ಡಿ ಇತ್ತು. ಪಕ್ಕದ ಮನೆಯಲ್ಲಿ ಬೊಂಬೆ ಮಾಡುತ್ತಿದ್ದ ಸಾಬರು ಕೊಟ್ಟದ್ದು. ಹುಣಸೆ ಮರದ ಕೆಳಗೆ ಸ್ಪ್ರಾಕೆಟ್ ಬಿಚ್ಚಿದೆ. ಕಡ್ಡಿಗೆ ಬೆಂಕಿ ತೋರಿಸಿ, ಕರಗಿದ ಅರಗನ್ನು ದಂಡಕ್ಕೆ ಸವರಿ, ಆರುವ ಮೊದಲೇ ಸ್ಪ್ರಾಕೆಟ್ ಕೂರಿಸಿ ನಟ್ಟು ಬಿಗಿದೆ. ಅಲ್ಲಾಟ ನಿಂತಿತು. ಯಾವ ಕೈಪಿಡಿಯಲ್ಲೂ ಇಲ್ಲದ ಕೆಲಸ. ಬರೆಯಲು ನಾಚಿಕೆಯಾಯಿತು. ಹೊಸದು ಬರುವವರೆಗೆ ತಾನೇ ಎಂದುಕೊಂಡು ಬಿಟ್ಟುಬಿಟ್ಟೆ. ಅದು ಎರಡು ವರ್ಷ ಸೊಗಸಾಗಿ ಓಡಿತು, ನಾನು ಮರೆತೆ.

ಅರಗು ಹಾಕಿದ ಎರಡನೆಯ ವರ್ಷ, ಯುಗಾದಿ ಕಳೆದು ಮೂರು ವಾರವಾಗಿತ್ತು. ಕಬ್ಬಾಳಿನ ಒಬ್ಬ ಹೆಂಗಸಿಗೆ ರೇಷ್ಮೆ ಹುಳದ ಮೊಟ್ಟೆ ತಲುಪಿಸಬೇಕಾಗಿತ್ತು. ಆ ಊರಿನಲ್ಲಿ ಹುಳ ಸಾಕುವವರು ತಮ್ಮ ಬೆಳೆಯ ಗೂಡುಗಳಲ್ಲೇ ಕೆಲವನ್ನು ಬಿತ್ತನೆಗೆ ಉಳಿಸಿಕೊಳ್ಳುತ್ತಿದ್ದರು. ತಾಯಿ ಚಿಟ್ಟೆಗೆ ಗಂಟುರೋಗವಿದ್ದರೆ ಅದು ಮೊಟ್ಟೆಗೂ ಇಳಿಯುತ್ತದೆ, ಇಪ್ಪತ್ತು ದಿನ ಸೊಪ್ಪು ತಿಂದ ಹುಳ ಗೂಡು ಕಟ್ಟುವ ಮೊದಲೇ ತಟ್ಟೆಗಟ್ಟಲೆ ಸಾಯುತ್ತದೆ. ಸರ್ಕಾರದ ತೋಟದಲ್ಲಿ ನಾವು ಪ್ರತಿ ತಾಯಿ ಚಿಟ್ಟೆಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿಲ್ಲದ್ದರ ಮೊಟ್ಟೆಯನ್ನು ಮಾತ್ರ ಕೊಡುತ್ತಿದ್ದೆವು. ಎರಡು ವರ್ಷ ಪ್ರತಿ ಶುಕ್ರವಾರ ಹೋಗಿ ಹೇಳಿದರೂ ಕಬ್ಬಾಳಿನವರು ಒಪ್ಪಿರಲಿಲ್ಲ. ಸರ್ಕಾರದ ಮೊಟ್ಟೆ ದಾರಿಯಲ್ಲೇ ಒಡೆದು ಹುಳ ಸಾಯುತ್ತದೆ ಎಂಬ ಮಾತು ಆ ಊರಿನಲ್ಲಿ ಗಟ್ಟಿಯಾಗಿ ಕೂತಿತ್ತು.

ಒಪ್ಪಿದವರು ಈ ಹೆಂಗಸು ಒಬ್ಬರೇ. ಐವತ್ತರ ಆಸುಪಾಸು. ಊರೆಲ್ಲ ಅವರನ್ನು ಅವ್ವ ಎನ್ನುತ್ತಿತ್ತು, ನಾನೂ ಹಾಗೇ ಎನ್ನುತ್ತಿದ್ದೆ. ನನ್ನ ಮಾತಿನ ಮೇಲೆ ಅವರು ಮನೆಯ ಬಿತ್ತನೆಯನ್ನು ನೆರೆಮನೆಗೆ ಕೊಟ್ಟುಬಿಟ್ಟಿದ್ದರು. ಹುಳದ ಕೋಣೆ ಸಾರಿಸಿ, ಬಿದಿರ ತಟ್ಟೆಗಳಿಗೆ ಸಗಣಿ ಬಳಿದು ಒಣಗಿಸಿ ಇಟ್ಟಿದ್ದರು. ಹಿಂದಿನ ಶುಕ್ರವಾರ ನಾನು ಹೊರಡುವಾಗ ಬಾಗಿಲವರೆಗೆ ಬಂದರು.

“ನೋಡಪ್ಪ, ಬತ್ತೀನಿ ಅಂದ ದಿನ ಬಂದ್ಬುಡಬೇಕು. ಮೊಟ್ಟೆ ಒಡ್ದು ಹುಳ ಎದ್ದ ಗಳಿಗೇಲಿ ಸೊಪ್ಪು ಬೀಳಬೇಕು. ನಿನ್ನ ಪಟಪಟಿ ಮೇಲೇ ಎದ್ದು ಕೂತ್ಕಂಡ್ರೆ ಅವಕ್ಕೆ ಸೊಪ್ಪು ಯಾರು ಕೊಟ್ಟಾರು?”

“ಶುಕ್ರವಾರ ಹತ್ತು ಗಂಟೆಗೆ ಇಲ್ಲಿರ್ತೀನಿ, ಅವ್ವ.”

“ಗಂಟೆ ನಂಗೆ ಗೊತ್ತಾಗಾಕಿಲ್ಲ. ಒತ್ತು ಮುಳುಗಾಕೆ ಮುಂಚೆ ಬಾ, ಸಾಕು.”

ಶುಕ್ರವಾರ ಬೆಳಿಗ್ಗೆ ಐದಕ್ಕೆ ಮೊಟ್ಟೆಯ ಹಾಳೆ ಬಿಚ್ಚಿ ದೀಪದ ಹತ್ತಿರ ಹಿಡಿದು ನೋಡಿದೆ. ಪ್ರತಿ ಮೊಟ್ಟೆಯಲ್ಲೂ ಸೂಜಿ ಮೊನೆಯಷ್ಟು ಕಪ್ಪು ಚುಕ್ಕೆ ಮೂಡಿತ್ತು. ಅದು ಮರಿಯ ತಲೆ. ಮಾರನೆಯ ದಿನ ಬಿಸಿಲೇರುವ ಮೊದಲು ಎಲ್ಲ ಹೊರಗೆ ಬರುತ್ತವೆ ಎಂದು ಅದರ ಅರ್ಥ. ಹಾಳೆಗಳನ್ನು ಬಿದಿರ ಬುಟ್ಟಿಯಲ್ಲಿಟ್ಟು, ಸುತ್ತ ಒದ್ದೆ ಬಟ್ಟೆ ಕಟ್ಟಿ, ಆರಕ್ಕೆ ಸರಿಯಾಗಿ ಹೊರಟೆ.

ಊರ ಹೊರಗಿನ ಮಾವಿನ ತೋಪು ಇನ್ನೂ ದಾಟಿರಲಿಲ್ಲ, ಚೈನು ಕಟಕಟ ಎಂದು ಜಿಗಿದು ಗಾಲಿ ನಿಂತಿತು. ಇಳಿದು ನೋಡಿದರೆ ಮುಂದಿನ ಸ್ಪ್ರಾಕೆಟ್ಟಿನ ಮೂರು ಹಲ್ಲು ಒಟ್ಟಿಗೆ ಮುರಿದಿದ್ದವು. ಹೊಸ ಸ್ಪ್ರಾಕೆಟ್ ಹನ್ನೆರಡು ದಿನಗಳಿಂದ ನನ್ನ ಬೀರುವಿನಲ್ಲಿತ್ತು. ಬದಲಾಯಿಸುವ ದಿನ ತಿಂಗಳ ಮೊದಲ ಭಾನುವಾರ ಎಂದು ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಆ ಭಾನುವಾರಕ್ಕೆ ಇನ್ನೂ ಎರಡು ದಿನವಿತ್ತು.

ಯಂತ್ರವನ್ನು ಮನೆಗೆ ತಳ್ಳಿಕೊಂಡು ಬಂದಾಗ ಏಳಾಗಿರಲಿಲ್ಲ. ಕನಕಪುರದ ಬಸ್ಸು ಹೋಗಿಯಾಗಿತ್ತು. ಆ ಹೊತ್ತಿಗೇ ಒಂದು ಕಮಾನು ಗಾಡಿ ಕಟ್ಟಿಸಿದ್ದರೆ ಸಂಜೆಯೊಳಗೆ ಕಬ್ಬಾಳು ಸೇರಬಹುದಿತ್ತು, ದಾರಿ ಸುಮಾರು ಹದಿನೆಂಟು ಮೈಲಿ. ಒಂದು ನಟ್ಟು, ಒಂದು ಚಕ್ರ, ಒಂದು ಗಂಟೆಯ ಕೆಲಸ ಎಂದು ಲೆಕ್ಕ ಹಾಕಿದೆ. ಗಾಡಿ ಕಟ್ಟಿಸಲಿಲ್ಲ. ಬುಟ್ಟಿಯನ್ನು ಒಳಗೆ ತೊಲೆಗೆ ತೂಗುಹಾಕಿ ಅಂಗಳದಲ್ಲಿ ಕೂತೆ.

ನಟ್ಟು ಸುಲಭವಾಗಿ ಬಂತು. ಸ್ಪ್ರಾಕೆಟ್ ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಎಳೆದೆ. ಸೀಮೆಎಣ್ಣೆ ಬಿಟ್ಟು ಕಾಲು ಗಂಟೆ ಕಾದೆ. ಹಿಂದಿನಿಂದ ಕಬ್ಬಿಣದ ಸನ್ನೆ ಕೊಟ್ಟು ಮೀಟಿದೆ. ಗೇರ್ ಪೆಟ್ಟಿಗೆಯ ಕವಚ ಅಲ್ಯೂಮಿನಿಯಮ್ಮಿನದು, ಸನ್ನೆಯ ಗುರುತು ಅದರ ಮೇಲೆ ಬಿತ್ತೇ ಹೊರತು ಸ್ಪ್ರಾಕೆಟ್ ಮಿಸುಕಲಿಲ್ಲ. ಎಂಟೂವರೆಗೆ ಬೀದಿಯ ಕೊನೆಯ ಕುಲುಮೆಯಿಂದ ಆಚಾರಿಯನ್ನು ಕರೆದು ತಂದೆ. ಗಾಡಿ ಚಕ್ರಕ್ಕೆ ಪಟ್ಟಿ ಹಾಕುವುದರಲ್ಲಿ ಅವರನ್ನು ಮೀರಿಸುವವರು ಚನ್ನಪಟ್ಟಣದಲ್ಲಿ ಇರಲಿಲ್ಲ.

ಆಚಾರಿ ಮತ್ತಷ್ಟು ಸೀಮೆಎಣ್ಣೆ ಬಿಟ್ಟರು, ಹರಳೆಣ್ಣೆ ಬಿಟ್ಟರು, ಸುತ್ತಿಗೆಯಿಂದ ಸುತ್ತಲೂ ತಟ್ಟಿದರು. ಹತ್ತಾಯಿತು. ಹತ್ತೂವರೆಯಾಯಿತು. ನಡುನಡುವೆ ನಾನು ಒಳಗೆ ಹೋಗಿ ಬುಟ್ಟಿಯ ಬಟ್ಟೆಗೆ ನೀರು ಚಿಮುಕಿಸಿ ಬರುತ್ತಿದ್ದೆ.

“ಸಾಮಿ, ಇದು ತುಕ್ಕಲ್ಲ,” ಎಂದರು ಆಚಾರಿ, ಬೆವರು ಒರೆಸಿಕೊಳ್ಳುತ್ತ. “ತುಕ್ಕಾಗಿದ್ರೆ ಎಣ್ಣೆ ಒಸಿಯಾದ್ರೂ ಕುಡೀತಿತ್ತು. ಒಳಗೇನಾರ ಹಾಕಿದ್ರಾ?”

ಅವರು ಕೇಳಿದ ಕ್ಷಣದಲ್ಲೇ ಮಾಗಡಿ ರಸ್ತೆಯ ಹುಣಸೆ ಮರವೂ ಉರಿಯುವ ಕಡ್ಡಿಯೂ ಕಣ್ಣ ಮುಂದೆ ಬಂದವು.

“ಇಲ್ಲ,” ಎಂದೆ.

“ನೆಪ್ಪು ಮಾಡ್ಕಳಿ.”

“ಎಲ್ಲ ಬರೆದಿಟ್ಟಿರ್ತೀನಿ, ಆಚಾರ್ರೇ.” ಪುಸ್ತಕ ತಂದು ಸ್ಪ್ರಾಕೆಟ್ಟಿನ ಪುಟ ತೆರೆದು ಅವರ ಮುಂದೆ ಹಿಡಿದೆ. ಆಚಾರಿಗೆ ಓದು ಬರುತ್ತಿರಲಿಲ್ಲ. ಸಾಲಾಗಿ ಬರೆದಿದ್ದ ಅಕ್ಷರಗಳನ್ನು ಗೌರವದಿಂದ ನೋಡಿ ತಲೆಯಾಡಿಸಿದರು.

ಒಮ್ಮೆ ಇಲ್ಲ ಎಂದ ಮೇಲೆ ಹೌದು ಎನ್ನುವುದು ಎಷ್ಟು ಕಷ್ಟ ಎಂಬುದು ಆ ಮುಂದಿನ ಒಂದು ಗಂಟೆಯಲ್ಲಿ ನನಗೆ ತಿಳಿಯಿತು. ಅರಗು ಬಿಸಿಗೆ ಮೆತ್ತಗಾಗುತ್ತದೆ ಎಂಬುದು ಮುದ್ರೆ ಒತ್ತುವ ಯಾವ ಗುಮಾಸ್ತನಿಗಾದರೂ ಗೊತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳದೆ, ಆಚಾರಿಯ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಎಣ್ಣೆಯ ಬಟ್ಟಲು ಹಿಡಿದುಕೊಂಡಿದ್ದೆ. ಅವರು ಹೊಡೆಯುತ್ತಲೇ ಇದ್ದರು. ಹನ್ನೊಂದೂವರೆ ದಾಟಿತು. ಈಗ ಗಾಡಿ ಕಟ್ಟಿಸಿದರೂ ಸಾತನೂರು ಸೇರುವಾಗ ಮುಸ್ಸಂಜೆ. ಅಲ್ಲಿಂದಾಚೆ ಕಾಡುದಾರಿ. ಚಿರತೆಯ ಭಯಕ್ಕೆ ಕತ್ತಲಾದ ಮೇಲೆ ಆ ಕಡೆ ಯಾರೂ ಎತ್ತು ಹೂಡುತ್ತಿರಲಿಲ್ಲ. ಬುಟ್ಟಿ ಹೊತ್ತು ನಡೆದರೆ ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ಉಳಿದದ್ದು ಪಟಪಟಿ ಒಂದೇ.

ಆಚಾರಿ ಎದ್ದು ನಿಂತರು. “ಚಮ್ಮಟಿಗೆ ತತ್ತೀನಿ ಸಾಮಿ. ಉಳಿ ಮಡಗಿ ಸೀಳ್ಬುಡಾನ. ದಂಡಕ್ಕೆ ಏಟು ಬಿದ್ರೆ ನನ್ನ ಬೈಬ್ಯಾಡಿ.”

ದಂಡ ಬಾಗಿದರೆ ಬೆಂಗಳೂರಿನಿಂದ ಇನ್ನೊಂದು ಬರಲು ತಿಂಗಳಾಗುತ್ತದೆ. ಆದರೂ ತರಬೇಡಿ ಎನ್ನಲಿಲ್ಲ. ಅವರು ಬೀದಿಗಿಳಿದರು.

ಅಂಗಳದ ಮೋಟು ಗೋಡೆಯ ಆಚೆಯಿಂದ ಬೊಂಬೆಯ ಸಾಬರು ತಲೆ ಎತ್ತಿದರು. ಅರವತ್ತು ದಾಟಿದವರು. ಬಿಲ್ಲಿನಂಥ ಕಮಾನು ಎಳೆದು ತಿರುಗಿಸುವ ಪಟ್ಟಡಿಯಲ್ಲಿ ದಿನಕ್ಕೆ ನಾಲ್ಕು ಡಜನ್ ಗಿಲಕಿ ಕಡೆಯುತ್ತಿದ್ದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಹಾಗೆ ಅವರು ಬಣ್ಣ ಹಾಕುತ್ತಿದ್ದರು.

“ಇನ್ಸ್‌ಪೆಕ್ಟ್ರೇ, ಇವತ್ತು ನನ್ನ ಗಿಲಕಿ ಎಲ್ಲಾ ಸೊಟ್ಟ. ಆಚಾರಿ ಒಂದು ಏಟು ಹಾಕಿದ್ರೆ ನನ್ನ ಉಳಿ ಒಂದು ಸಲ ಜಾರ್ತದೆ. ಏನು ಅದು, ಅಂಥಾ ಹಟಮಾರಿ?”

“ಬನ್ನಿ, ನೋಡಿ.”

ಸಾಬರು ಸುತ್ತಿ ಬಂದು ಯಂತ್ರದ ಪಕ್ಕ ಕೂತರು. ದಂಡವೂ ಸ್ಪ್ರಾಕೆಟ್ಟೂ ಸೇರುವ ಜಾಗದಲ್ಲಿ ಏಟಿಗೆ ಚೂರೊಂದು ಎದ್ದಿತ್ತು. ಅದನ್ನು ಉಗುರಿನಿಂದ ಕಿತ್ತು, ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದರು.

“ಇದು ನಮ್ಮನೆ ಹಳದಿ,” ಎಂದರು. “ಅರಿಸಿನ ಅರೆದು ನಾನೇ ಬೆರೆಸಿದ್ದು.”

ನಾನು ಎಣ್ಣೆಯ ಬಟ್ಟಲನ್ನು ಕೆಳಗಿಟ್ಟೆ.

“ಮುದ್ರೆ ಒತ್ತಾಕೆ ಅಂತ ಕೊಟ್ಟಿದ್ದೆ ನಿಮಗೆ.”

“ಹೌದು.”

“ಒತ್ತಿದ್ದೀರಿ ಬಿಡಿ. ಗಟ್ಟಿಯಾಗೇ ಒತ್ತಿದ್ದೀರಿ.” ಚೂರನ್ನು ಬನಿಯನ್ನಿನ ಜೇಬಿಗೆ ಹಾಕಿಕೊಂಡರು. “ಆಚಾರಿಗೆ ಹೇಳಿದ್ರಾ?”

“ಇಲ್ಲ. ಏನೂ ಹಾಕಿಲ್ಲ ಅಂದುಬಿಟ್ಟೆ.”

“ನೀವು ಬೇಡ ಅಂದ್ರೆ ನಾನೂ ಹೇಳಾಕಿಲ್ಲ. ಆದ್ರೆ ಅವ್ರು ತರಾಕೆ ಹೋಗಿರೋದು ಚಮ್ಮಟಿಗೆ.”

ಆಚಾರಿ ಹೆಗಲ ಮೇಲೆ ಚಮ್ಮಟಿಗೆ ಇಟ್ಟುಕೊಂಡು ಬಂದರು. ಅವರು ಅದನ್ನು ಕೆಳಗಿಡುವ ಮೊದಲೇ ಹೇಳಿದೆ. ಎರಡು ವರ್ಷದ ಹಿಂದೆ ಅರಗು ಹಾಕಿದ್ದು, ಪುಸ್ತಕದಲ್ಲಿ ಬರೆಯದಿದ್ದದ್ದು, ಅವರು ಕೇಳಿದಾಗ ನೆನಪಿದ್ದೂ ಇಲ್ಲ ಎಂದದ್ದು, ಮೂರನ್ನೂ ಅದೇ ಕ್ರಮದಲ್ಲಿ.

ಆಚಾರಿ ಚಮ್ಮಟಿಗೆಯನ್ನು ಗೋಡೆಗೆ ಒರಗಿಸಿದರು. “ಸಾಮಿ, ಉಳಕ್ಕೆ ಕಾಯ್ಲೆ ಬಂದ್ರೆ ಮುಚ್ಚಿಡಬ್ಯಾಡಿ, ಮೊದಲನೇ ದಿನವೇ ಏಳಿ ಅಂತ ಊರೂರಲ್ಲಿ ಏಳ್ತೀರಂತೆ. ದಿಟವಾ?”

“ದಿಟ.”

“ಅಷ್ಟೇ ಕೇಳ್ದೆ.” ಅಂಗಳದ ನೀರಿನ ತೊಟ್ಟಿಯಲ್ಲಿ ಮುಖ ತೊಳೆದುಕೊಂಡು ಬಂದು, “ಅಂಗಾದ್ರೆ ಕುಲುಮೆಯಿಂದ ಕೆಂಡ ತರ್ಲಾ?” ಎಂದರು.

“ಬೆಂಕಿ ಬೇಡಪ್ಪ,” ಎಂದರು ಸಾಬರು. “ಆ ಬಿಳೀ ಪೆಟ್ಟಿಗೆ ಕರಗಿ ಹೋದ್ರೆ ಯಾರು ಜವಾಬ್ದಾರಿ? ಅರಗಿಗೆ ಬೆಂಕಿ ಯಾಕೆ, ಬಿಸಿನೀರು ಸಾಕು. ನಮ್ಮ ಹಿತ್ತಲಲ್ಲಿ ಬೆಳಗಿಂದ ಕುದೀತಾ ಐತೆ.”

ಸಾಬರ ಹೆಂಡತಿ ಹಿತ್ತಲಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಗೂಡು ಬೇಯಿಸುವ ತಾಮ್ರದ ಬಾನಿಯ ಕೆಳಗೆ ಒಲೆ ಆರುತ್ತಲೇ ಇರಲಿಲ್ಲ. ಸಾಬರು ಚೊಂಬು ಹಿಡಿದು ಹೋದಾಗ ಗೋಡೆಯ ಆಚೆಯಿಂದ ಹೆಂಡತಿಯ ದನಿ ಕೇಳಿಸಿತು. “ಚೊಂಬಲ್ಲಿ ಏನು ತಗೊಂಡ್ ಹೋಗ್ತೀರಿ, ಪಟಪಟಿಗೆ ಕಾಫಿ ಕುಡಿಸಾಕಾ? ಕೊಡ ತಗೊಳ್ಳಿ.”

ಕೊಡ ಬಂತು, ಸತ್ತ ಹುಳದ ವಾಸನೆಯ ಜೊತೆಗೆ. ಹಳೆಯ ಗೋಣಿಯ ತುಂಡೊಂದನ್ನು ಸ್ಪ್ರಾಕೆಟ್ಟಿಗೆ ಸುತ್ತಿ, ಸಾಬರು ಅದರ ಮೇಲೆ ಕುದಿನೀರನ್ನು ಸಣ್ಣಗೆ ಹುಯ್ಯತೊಡಗಿದರು. ಅವಸರವಿಲ್ಲ. ಒಂದು ಕೊಡ ಮುಗಿದ ಮೇಲೆ ಗೋಣಿ ಸರಿಸಿ, ಒಂದು ಕೆಂಪು ಅರಗಿನ ಕಡ್ಡಿಯನ್ನು ಕಬ್ಬಿಣದ ಮೇಲೆ ಎಳೆದರು. ಕಡ್ಡಿ ಗೀಚಿತೇ ಹೊರತು ಗುರುತು ಬೀಳಲಿಲ್ಲ.

“ಇನ್ನೂ ಇಲ್ಲ.”

ಎರಡನೆಯ ಕೊಡ. ಕಡ್ಡಿ ಸ್ವಲ್ಪ ಜಾರಿತು, ಗುರುತಿಲ್ಲ. ಆಚಾರಿ ಬಗ್ಗಿ ನೋಡುತ್ತಿದ್ದರು. ಅಷ್ಟರಲ್ಲಿ ನಾನು ಸಾಬರ ಪಟ್ಟಡಿಯಿಂದ ಎರಡು ಹುಣಸೆ ಮರದ ಬೆಣೆ ತಂದಿದ್ದೆ, ಒಂದೇ ಅಳತೆಯವು. ಸ್ಪ್ರಾಕೆಟ್ಟಿನ ಹಿಂದೆ, ಎದುರುಬದುರಾಗಿ ಅವನ್ನು ಸೇರಿಸಿದೆವು. ಮೂರನೆಯ ಕೊಡ ಅರ್ಧವಾದಾಗ ಸಾಬರು ಮತ್ತೆ ಕಡ್ಡಿ ಎಳೆದರು. ಕಬ್ಬಿಣದ ಮೇಲೆ ಕುಂಕುಮದ ಗೀಟಿನಂತೆ ಕೆಂಪು ಗೆರೆಯೊಂದು ನಿಂತಿತು.

“ಈಗ ಒಳಗಿಂದೂ ಮೆತ್ತಗಾಗಿರ್ತದೆ. ಆಚಾರಿ, ಗುದ್ದಬೇಡಿ. ಎಡಕ್ಕೊಂದು, ಬಲಕ್ಕೊಂದು, ಮಗೂಗೆ ತಟ್ಟಿದಂಗೆ.”

“ನಂಗೂ ಮಕ್ಕಳವ್ರೆ ಕಣ್ ಸಾಬ್ರೇ,” ಎಂದರು ಆಚಾರಿ.

ಚಿಕ್ಕ ಸುತ್ತಿಗೆಯಿಂದ ತಟ್ಟಿದರು, ಎಡಕ್ಕೊಂದು, ಬಲಕ್ಕೊಂದು. ನಾನು ಮನಸ್ಸಿನಲ್ಲೇ ಎಣಿಸಿದೆ. ಹದಿನೇಳನೆಯ ಏಟಿಗೆ ಸ್ಪ್ರಾಕೆಟ್ ಒಂದು ನೂಲಿನಷ್ಟು ಮುಂದೆ ಬಂತು. ಆಮೇಲೆ ಹೊಡೆಯಲಿಲ್ಲ. ಸಾಬರು ಗೋಣಿಯ ಸಮೇತ ಅದನ್ನು ಹಿಡಿದು ಸ್ವಲ್ಪ ತಿರುಗಿಸುತ್ತ ತಮ್ಮ ಕಡೆಗೆ ಎಳೆದರು. ದಂಡಕ್ಕೂ ಸ್ಪ್ರಾಕೆಟ್ಟಿಗೂ ನಡುವೆ ಹಳದಿ ಅರಗು ಎಳೆ ಎಳೆಯಾಗಿ ಹಿಗ್ಗಿ, ತೆಳ್ಳಗಾಗಿ, ಗಾಳಿಗೆ ಗಟ್ಟಿಯಾಗಿ ತುಂಡಾಯಿತು. ಬೆಳಗಿನಿಂದ ಇಬ್ಬರು ಸೋತ ಕೆಲಸ ಸದ್ದಿಲ್ಲದೆ ಮುಗಿಯಿತು.

ದಂಡ ನೆಟ್ಟಗಿತ್ತು. ಬಿಸಿನೀರಿನ ಬಟ್ಟೆಯಿಂದ ಉಜ್ಜಿ ಉಳಿದ ಅರಗನ್ನೆಲ್ಲ ತೆಗೆದೆ. ಹೊಸ ಸ್ಪ್ರಾಕೆಟ್ ಬಿಗಿಯಾಗಿ ಕೂತಿತು. ನಟ್ಟು, ಚೈನು, ಎಣ್ಣೆ. ನಾನು ಪುಸ್ತಕ ತೆಗೆದು ಪೆನ್ಸಿಲ್ ಚೂಪು ಮಾಡುವುದನ್ನು ಸಾಬರು ನೋಡುತ್ತಿದ್ದರು.

“ಏನು ಬರೀತೀರಿ?”

“ಅರಗು ತೆಗೆದದ್ದು.”

“ಹಾಕಿದ್ದನ್ನ ಮೊದಲು ಬರೀರಿ.”

ಹಾಗೇ ಬರೆದೆ. ಎರಡು ವರ್ಷದ ಹಿಂದಿನ ದಿನಾಂಕ ನೆನಪಿರಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟೆ.

ಒಳಗೆ ಹೋಗಿ, ನನ್ನ ಕೈಯ ಸೀಮೆಎಣ್ಣೆ ತಾಕದಂತೆ ಸಾಬರಿಂದ ಹಾಳೆ ಬಿಚ್ಚಿಸಿ ನೋಡಿದೆ. ಚುಕ್ಕೆಗಳು ಇನ್ನೂ ಕಪ್ಪಾಗಿ, ಮೊಟ್ಟೆಗಳೆಲ್ಲ ನೀಲಿಗೆ ತಿರುಗಿದ್ದವು. ಒಂದೂ ಒಡೆದಿರಲಿಲ್ಲ. ಬುಟ್ಟಿಯನ್ನು ಸಾಬರೇ ಮತ್ತೆ ಕಟ್ಟಿ ಕೊಟ್ಟರು. ಬಿಸಿಲು ಇಳಿಯಲೆಂದು ಮೂರರವರೆಗೆ ಕಾದು ಹೊರಟೆ. ಒಣಗಿದ ಬಟ್ಟೆಗೆ ದಾರಿಯ ಎರಡು ಹಳ್ಳಗಳಲ್ಲಿ ಮತ್ತೆ ನೀರು ಚಿಮುಕಿಸಿದೆ. ಸಾತನೂರು ದಾಟಿದ ಮೇಲೆ ಕಬ್ಬಾಳು ದುರ್ಗದ ಬಂಡೆ ಬಲಕ್ಕೂ ಎಡಕ್ಕೂ ಸರಿಯುತ್ತ ದಾರಿಯುದ್ದಕ್ಕೂ ಕಾಣುತ್ತಿತ್ತು. ಚೈನು ಒಂದು ಸಲವೂ ಜಿಗಿಯಲಿಲ್ಲ. ದುರ್ಗದ ನೆರಳು ಊರಿನ ಮೇಲೆ ಬೀಳುವ ಹೊತ್ತಿಗೆ ಅವ್ವನ ಬಾಗಿಲಲ್ಲಿ ಯಂತ್ರ ನಿಲ್ಲಿಸಿದೆ. ನೆರೆಮನೆಯ ಜಗಲಿಯಲ್ಲಿ ನಾಲ್ಕೈದು ಜನ ಕೂತಿದ್ದರು, ಅವ್ವನ ಬಿತ್ತನೆ ಪಡೆದ ಮನೆಯವರು. ಬೆಳಗಿನಿಂದ ದಾರಿ ನೋಡಿದವರ ಹಾಗೆ ಕಾಣುತ್ತಿತ್ತು.

ಬುಟ್ಟಿ ಹಿಡಿದು ಹೊಸ್ತಿಲ ಹತ್ತಿರ ಹೋದೆ. ಅವ್ವ ಕೈ ಅಡ್ಡ ಹಿಡಿದರು. ಮೂಗು ಒಂದು ಸಲ ಅರಳಿತು.

“ಸೀಮೆಎಣ್ಣೆ.”

“ಯಂತ್ರ ಕೆಟ್ಟಿತ್ತು, ಅವ್ವ. ಬುಟ್ಟಿಗೆ ತಾಕಿಲ್ಲ. ಸಾಬರು ಕಟ್ಟಿ ಕೊಟ್ಟದ್ದು.”

“ಬುಟ್ಟಿ ಅಲ್ಲೇ ಮಡಗು. ನೀನು ಒಳೀಕೆ ಬರಬ್ಯಾಡ. ಸೀಮೆಎಣ್ಣೆ ಮುಟ್ಟಿದೋರು ಉಳದ ಮನೆ ಮೆಟ್ಟಬಾರ್ದು ಅಂತ ಏಳ್ದೋನು ನೀನೇ.”

ಹೇಳಿದವನು ನಾನೇ. ಬುಟ್ಟಿಯನ್ನು ಹೊಸ್ತಿಲ ಹೊರಗಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಅವರು ಬುಟ್ಟಿಯನ್ನು ಎತ್ತಿ ಎರಡು ಸಲ ಮೂಸಿ, ಒಳಗೆ ತೆಗೆದುಕೊಂಡು ಹೋದರು. ಆ ರಾತ್ರಿ ಊರ ಚಾವಡಿಯಲ್ಲಿ ಉಳಿದೆ. ಬೂದಿ ಹಾಕಿ ಮೂರು ಸಲ ಕೈ ತೊಳೆದೆ.

ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಐದಕ್ಕೆ ಸ್ನಾನ ಮಾಡಿ, ಐದೂಮುಕ್ಕಾಲಿಗೆ ಅವ್ವನ ಅಂಗಳದಲ್ಲಿದ್ದೆ. ಜಗಲಿಯ ಜನ ನನಗಿಂತ ಮೊದಲೇ ಬಂದಿದ್ದರು. ಹುಳದ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಸೊಪ್ಪು ಹೆಚ್ಚುವ ಕತ್ತಿಯ ಸಣ್ಣ ಸದ್ದು ಮಾತ್ರ ಕೇಳುತ್ತಿತ್ತು. ಸೊಪ್ಪು ಹೆಚ್ಚುವುದು ಹುಳ ಕಂಡವರು ತಾನೇ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಒಂದು ಗಂಟೆಯ ಕೆಲಸ ಎಂದ ಹಿಂದಿನ ದಿನದ ನನ್ನ ಲೆಕ್ಕ ನೆನಪಾಗಿ ಅದನ್ನೂ ಬಿಟ್ಟೆ.

ಬಾಗಿಲು ತೆರೆಯಿತು. ಅವ್ವ ಒಂದು ಮೊಟ್ಟೆಯ ಹಾಳೆಯನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಹೊಸ್ತಿಲಿಗೆ ಬಂದರು. ಹಾಳೆಯ ಮೇಲೆ ಎಳೆ ಸೊಪ್ಪಿನ ಸಣ್ಣ ಚೂರುಗಳು, ಒಂದೊಂದು ಚೂರಿಗೂ ಕರಿ ದಾರದ ತುಣುಕಿನಂಥ ಮರಿಗಳು ಹತ್ತಾರು ಮುತ್ತಿಕೊಂಡು ತಲೆಯಾಡಿಸುತ್ತಿದ್ದವು.

“ಎದ್ದವೆ,” ಎಂದರು, ಜಗಲಿಯ ಕಡೆ ನೋಡಿ. “ಒಂದೂ ಉಳೀದಂಗೆ ಎದ್ದವೆ.”

ಜಗಲಿಯಿಂದ ಇಬ್ಬರು ಇಳಿದು ಹತ್ತಿರ ಬಂದು ಬಗ್ಗಿ ನೋಡಿದರು. ಒಬ್ಬರು ಏನೋ ಹೇಳಲು ಬಾಯಿ ತೆರೆದರು. ಅವ್ವ, “ಉಸ್ರು ಬುಡಬ್ಯಾಡ್ಲಾ ಅದ್ರ ಮ್ಯಾಲೆ,” ಎಂದು ಗದರಿಸಿ, ನನ್ನ ಕಡೆ ತಿರುಗಿದರು.

“ಹತ್ತು ಗಂಟೆ ಅಂದಿದ್ದೆ. ಯಾಕಪ್ಪ ಅಷ್ಟು ತಡ ಆಯ್ತು?”

“ತಪ್ಪು ನನ್ನದೇ, ಅವ್ವ. ಯಂತ್ರಕ್ಕೆ ಅರಗು ಹಾಕಿ ಅಂಟಿಸಿದ್ದೆ. ಕೇಳಿದವರಿಗೆ ಇಲ್ಲ ಅಂದೆ. ಅದಕ್ಕೇ ಒಂದು ಗಂಟೆ ಹೋಯ್ತು.”

ಅವರು ಹಾಳೆಯನ್ನು ತಮ್ಮ ಕಡೆಗೆ ಸರಿಸಿಕೊಂಡರು. ಹಾಳೆಯ ಮೇಲಿನ ಹುಳ ಸೊಪ್ಪಿನ ಅಂಚಿಗೆ ಬಂದಿದ್ದವು.

“ಸರಿ. ಒಸಿ ಆಚೆ ನಿಂತ್ಕೊ. ಇನ್ನೂ ವಾಸ್ನೆ ಬತ್ತಾ ಐತೆ.”

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವರು ತೋರಿಸಿದಷ್ಟು ದೂರ ಹೋಗಿ ನಿಂತೆ.